ಅಲಾರಂ ಬಾಯಿಗೆ ವೈರು ತುರುಕಿದ್ದು ಯಾರು?

"ಮಿಲ್‌ಗೆ ಬೆಂಕಿ: ಶಾರ್ಟ್ ಸರ್ಕ್ಯೂಟ್ ಶಂಕೆ." ಈ ಸುದ್ದಿಗೆ ಹೊಸಪೇಟೆ, ಕಂಪ್ಲಿ, ಸಂಡೂರು, ಯಾವ ಡೇಟ್‌ಲೈನ್ ಹಾಕಿದರೂ ಒಪ್ಪುತ್ತದೆ. ಇಷ್ಟು ಲಕ್ಷ ನಷ್ಟ, ಅಗ್ನಿಶಾಮಕ ದಳ ಬಂತು, ಪ್ರಕರಣ ದಾಖಲಾಯಿತು. ಸುದ್ದಿ ಮುಗೀತು. ಆದರೆ ಶಾರ್ಟ್ ಸರ್ಕ್ಯೂಟ್ ಎಷ್ಟೋ ಸಲ ಕಾರಣವಲ್ಲ, ಕಾರಣದ ಕೊನೆಯ ಕ್ಷಣ ಅಷ್ಟೆ. ಸುಡುವ ಮೊದಲು ಮೋಟಾರ್ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಸಿಯಾಗಿರುತ್ತದೆ. ಅದನ್ನು ಹೇಳಲೆಂದೇ ಅಲಾರಂ ಇಟ್ಟಿರುವುದು. ಅದು ಕೂಗಲಿಲ್ಲವೇ?

ಕೂಗಿರುತ್ತದೆ. ಬಾಯಿ ಮುಚ್ಚಿಸಿರುತ್ತಾರೆ.

ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆದರೆ ಮೊದಲು ಅದರ ಸೆಟ್ಟಿಂಗ್ ಏರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ರಿಲೇಯ ಎರಡು ತುದಿಗೆ ಒಂದು ಗೇಣು ವೈರು. ಐದು ರೂಪಾಯಿ ಖರ್ಚಿಲ್ಲ, ಲೋಡು ನಿಲ್ಲಲ್ಲ. ಇದಕ್ಕೆ ನಮ್ಮ ಕಡೆ "ಡೈರೆಕ್ಟ್ ಮಾಡೋದು" ಅಂತಾರೆ, ಏನೋ ಜಾಣತನ ಎಂಬಂತೆ.

ಕೇಳಿದರೆ ಮಾಲೀಕರ ಉತ್ತರ ಸಿದ್ಧ: "ಸುಳ್ಳು ಅಲಾರಂ ರೀ." ಇರಬಹುದು. ಸೆನ್ಸರ್ ತಂತಿ ಸಡಿಲವಾದರೂ ಮೀಟರ್ ಹೆಚ್ಚು ಬಿಸಿ ತೋರಿಸುತ್ತದೆ. ಆದರೆ ಸುಳ್ಳೋ ನಿಜವೋ ತಿಳಿಯಲು ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು, ಕೊರೊನಾ ಕಾಲದಲ್ಲಿ ಹಣೆಗೆ ಹಿಡಿದರಲ್ಲ, ಅದರ ಅಣ್ಣ. ಬಿಸಿ ನಿಜವಾದರೆ ಕ್ಲ್ಯಾಂಪ್ ಮೀಟರ್ ಹಾಕಿ ಮೂರೂ ಫೇಸಿನ ಕರೆಂಟ್ ನೋಡಬೇಕು. ಒಂದು ಫೇಸ್ ಹೋಗಿದ್ದರೆ ಅಥವಾ ವೋಲ್ಟೇಜ್ ಬಿದ್ದಿದ್ದರೆ ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಆಮೇಲೆ ಫ್ಯಾನ್, ಬೇರಿಂಗ್. ಗ್ರೀಸ್ ಕಡಿಮೆಯಾದರೂ ಬೇರಿಂಗ್ ಬಿಸಿ, ವಿಪರೀತ ತುಂಬಿದರೂ ಬಿಸಿ. ಇದು ಬಹಳ ಮಂದಿಗೆ ಗೊತ್ತಿಲ್ಲ. ಇಷ್ಟೆಲ್ಲ ನೋಡಲು ಹೆಚ್ಚೆಂದರೆ ಅರ್ಧ ಗಂಟೆ. ಆ ಅರ್ಧ ಗಂಟೆ ಕೊಡಲು ಮನಸ್ಸಿಲ್ಲ.

ನಮ್ಮ ಸೀಮೆಯಲ್ಲಂತೂ ಇದು ಆತ್ಮಹತ್ಯೆ. ಸಾಮಾನ್ಯ ಮೋಟಾರ್‌ಗಳನ್ನು ಸುತ್ತಲ ಗಾಳಿ 40 ಡಿಗ್ರಿ ಮೀರುವುದಿಲ್ಲ ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಇಲ್ಲಿ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ, ತಗಡಿನ ಶೆಡ್ ಒಳಗಿನದ್ದು ಕೇಳಬೇಡಿ. ಮೇಲೆ ಸಂಡೂರಿನ ಕೆಂಪು ಅದಿರು ಧೂಳು, ಕಂಪ್ಲಿಯ ತೌಡು. ಎರಡೂ ಮೋಟಾರ್‌ಗೆ ಕಂಬಳಿ ಹೊದಿಸುತ್ತವೆ. ವೈಂಡಿಂಗ್ ಬಿಸಿ ಮಿತಿಗಿಂತ 10 ಡಿಗ್ರಿ ಏರಿದರೆ ಇನ್ಸುಲೇಶನ್ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದಾಗ ಇಡೀ ರಾಜ್ಯ ಎದ್ದು ಕೂತಿತು. ಚೈನಿಗೆ ಬಾಯಿಲ್ಲ. ಮೋಟಾರ್‌ಗೆ ಇದೆ, ಅದನ್ನು ಹೊಲಿಯುತ್ತೇವೆ. ಭೋಪಾಲ್ ನೆನಪಿಸಿಕೊಳ್ಳಿ: ಮೀಥೈಲ್ ಐಸೋಸಯನೇಟ್ ಟ್ಯಾಂಕನ್ನು ತಣ್ಣಗಿಡುವ ಘಟಕವನ್ನು ಆ ದುರಂತಕ್ಕೆ ತಿಂಗಳುಗಳ ಮೊದಲೇ, 1984ರ ಜೂನ್‌ನಲ್ಲಿ ನಿಲ್ಲಿಸಿದ್ದರು. ಖರ್ಚು ಉಳಿಸಬೇಕಿತ್ತು. ಐದು ರೂಪಾಯಿ ವೈರಿನ ಹಿಂದಿರುವ ಬುದ್ಧಿಯೂ ಅದೇ.

ಸರ್ಕಾರ ನೋಡಿಕೊಳ್ಳುತ್ತದೆ ಅನ್ನಬೇಡಿ. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಕಾರ್ಮಿಕರಿದ್ದರೆ ಅದು ಕಾರ್ಖಾನೆ. 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿತು. 15 ಜನ ದುಡಿಯುವ ರೈಸ್ ಮಿಲ್ ಕಾರ್ಖಾನೆ ಎಂಬ ವ್ಯಾಖ್ಯೆಯಿಂದಲೇ ಹೊರಗೆ.

ಕೊನೆಗೆ ತಪ್ಪು ಯಾರ ತಲೆಗೆ? "ಆಪರೇಟರ್ ನಿರ್ಲಕ್ಷ್ಯ." ಗುತ್ತಿಗೆಯ ಹುಡುಗ, ಮಷೀನ್ ನಿಲ್ಲಿಸಿದರೆ ಬೈಗುಳ, ಓಡಿಸಿದರೆ ಕೇಸು. ಮಷೀನ್ ನಿಲ್ಲಿಸುವ ಅಧಿಕಾರ ಅವನಿಗೆ ಯಾವತ್ತು ಕೊಟ್ಟಿದ್ದರು?

ಸ್ನೇಹಿತರೇ, ಮುಂದಿನ ಬೆಂಕಿಗೆ ಹೋದಾಗ "ಶಂಕೆ" ಬರೆಯುವ ಮೊದಲು ಪ್ಯಾನಲ್ ಬೋರ್ಡ್ ತೆರೆಸಿ. ಡಿಜಿಟಲ್ ರಿಲೇಗಳಲ್ಲಿ ಹಿಂದಿನ ಟ್ರಿಪ್‌ಗಳ ದಾಖಲೆ ಉಳಿದಿರುತ್ತದೆ, ಕೇಳಿ. ವೈರು ಸಿಕ್ಕರೆ ಫೋಟೊ ತೆಗೆಯಿರಿ. ಯಾರು ಹಾಕಲು ಹೇಳಿದರು ಅಂತ ಕೇಳಿ, ಆ ಉತ್ತರವನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ.