ಕುರಿಯಲ್ಲಿಲ್ಲದ ವೈರಸ್

ಒಂದು ಮಾದರಿಗೆ ಒಂದೇ ಜೀನೋಮ್ ಸಾಕು, ಮಿಕ್ಕಿದ್ದೆಲ್ಲ ಕಂಪ್ಯೂಟರ್ ಕಸರತ್ತು ಎಂಬ ಲೇಖಕರೊಬ್ಬರ ವಾದ ಗುಡೇಕೋಟೆಯ ಕುರಿಹಟ್ಟಿಯಲ್ಲಿ ನಿಲ್ಲದು. ಕುರಿಗಳ ನೀಲಿ ನಾಲಿಗೆ ರೋಗದ ವೈರಸ್ಸಿನ ಜೀನೋಮ್ 10 ತುಂಡುಗಳದ್ದು. ನುಸಿ ಕಚ್ಚಿ ಒಂದೇ ಕುರಿಗೆ ಎರಡು ತಳಿ ಹೊಕ್ಕರೆ ತುಂಡುಗಳು ಅದಲುಬದಲಾಗಬಹುದು. ಅಂಥ ರಕ್ತದಲ್ಲಿ ಪ್ರತಿ ಸ್ಥಾನಕ್ಕೂ ಬಹುಮತದ ಅಕ್ಷರ ಆರಿಸುತ್ತ ಹೋದರೆ, ಯಾವ ಕುರಿಯಲ್ಲೂ ಇಲ್ಲದ ಕಲಬೆರಕೆ ವೈರಸ್ ಕಾಗದದ ಮೇಲೆ ಹುಟ್ಟೀತು! ಹ್ಯಾಪ್ಲೋಟೈಪ್ ತಂತ್ರಾಂಶ ಹಾಗಲ್ಲ. ಸೀಕ್ವೆನ್ಸಿಂಗ್ ಯಂತ್ರದ ಒಂದೇ ಓದಿನ (ರೀಡ್) ನೂರೈವತ್ತರಷ್ಟು ಅಕ್ಷರಗಳಲ್ಲಿ ಜೊತೆಗೇ ಕಂಡ ರೂಪಾಂತರಗಳನ್ನು ಹಿಡಿದು ತಳಿಗಳನ್ನು ಬಿಡಿಸುತ್ತದೆ. ಯಾವ ತುಂಡು ಯಾವುದರ ಜೊತೆಗಾರ ಎಂಬುದನ್ನು ಅದೂ ಹೇಳಲಾರದು, ಒಪ್ಪೋಣ. ಆದರೆ ನಮ್ಮ ದೇಶದ ಪೆಂಟಾವೇಲೆಂಟ್ ಲಸಿಕೆಯಲ್ಲಿರುವುದು 1, 2, 10, 16, 23ನೇ ಸೀರೋಟೈಪ್‌ಗಳು ಮಾತ್ರ. ಬೇರೊಂದು ಸೀರೋಟೈಪ್ ಬಹುಮತದಡಿ ಅಡಗಿದ್ದರೆ ಆ ಲೇಖಕರು ಎಲ್ಲಿ ಹುಡುಕುತ್ತಾರೆ?