ಜ್ವಾಲೆ ಕಾಣದಿದ್ದರೂ ಅದು ಬೆಂಕಿಯೇ

ರಸ್ತೆಬದಿಯಲ್ಲಿ ಕೆಟ್ಟು ನಿಂತ ಬೈಕಿನ ವೈರಿಂಗ್, ಕಂಬದ ತುದಿಯ ಸಿಸಿಟಿವಿ ಕ್ಯಾಮೆರಾ, ಕರೆಂಟ್ ಹೋದ ಹೊತ್ತಿನ ರಿಪೇರಿ ಅಂಗಡಿ. ಪ್ಲಗ್ ಸಿಗದ ಇಂಥ ಕಡೆಗಳಲ್ಲಿ ಗ್ಯಾಸ್ ಸೋಲ್ಡರಿಂಗ್ ಐರನ್‌ಗೆ ಸಾಟಿ ಕಡಿಮೆ. ದಪ್ಪ ಮಾರ್ಕರ್ ಪೆನ್ನಿನಷ್ಟು ಗಾತ್ರ, ಹಿಡಿಯೊಳಗೇ ಬ್ಯೂಟೇನ್ ಟ್ಯಾಂಕ್. ತವರ-ಸೀಸದ ಸಾಮಾನ್ಯ ಸೋಲ್ಡರ್ ಕರಗಲು 183 ಡಿಗ್ರಿ ಸೆಲ್ಸಿಯಸ್ ಸಾಕು. ಈ ಐರನ್ನಿನ ತುದಿ ಅದನ್ನು ಸಲೀಸಾಗಿ ದಾಟುತ್ತದೆ.

ಹಚ್ಚಿದಾಗ ಮೊದಲು ಪಕ್ಕದ ಕಿಂಡಿಯಿಂದ ಜ್ವಾಲೆ ಏಳುತ್ತದೆ. ಕೆಲವೇ ಕ್ಷಣಗಳಲ್ಲಿ ಜ್ವಾಲೆ ಆರಿ, ಒಳಗಿನ ಜಾಲರಿ ಕೆಂಪಗೆ ಹೊಳೆಯತೊಡಗುತ್ತದೆ. ಅದರ ಮೇಲೆ ಲೇಪಿಸಿದ ಪ್ಲಾಟಿನಂ ವೇಗವರ್ಧಕದ ಕೆಲಸವಿದು: ಗ್ಯಾಸ್ ಮತ್ತು ಗಾಳಿ ಆ ಮೇಲ್ಮೈಯಲ್ಲೇ ಸೇರಿ ಉರಿಯುತ್ತವೆ. ಕಲ್ಲಿದ್ದಲು ಗಣಿಗಳಿಗೆ ಸುರಕ್ಷಾ ದೀಪ ಮಾಡಿಕೊಟ್ಟ ಹಂಫ್ರಿ ಡೇವಿ, ಬಿಸಿ ಪ್ಲಾಟಿನಂ ತಂತಿ ಅನಿಲದಲ್ಲಿ ಜ್ವಾಲೆಯಿಲ್ಲದೆ ಹೊಳೆಯುವುದನ್ನು ಕಂಡದ್ದು 1817ರಲ್ಲಿ.

ತಂಟೆ ಇರುವುದು ‘ಫ್ಲೇಮ್‌ಲೆಸ್’ ಎಂಬ ಮಾರಾಟದ ಮಾತಿನಲ್ಲಿ. ಜ್ವಾಲೆ ಕಾಣುವುದಿಲ್ಲ ನಿಜ, ಆದರೆ ಕಿಂಡಿಯಿಂದ ಹೊರಬರುವ ಬಿಸಿ ಗಾಳಿ ಪಕ್ಕದ ವೈರಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಕೈಯನ್ನೂ ಸುಡುತ್ತದೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಇದನ್ನು ಹಚ್ಚುವುದೂ ಬೆಂಕಿಕಡ್ಡಿ ಗೀರುವುದೂ ಒಂದೇ. ಕಿಟಕಿಯಿಲ್ಲದ ಕೋಣೆಯಲ್ಲಂತೂ ಹೊತ್ತುಗಟ್ಟಲೆ ಉರಿಸಬಾರದು. ಉರಿ ಅರೆಬರೆಯಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಗ್ಯಾಸ್ ತುಂಬುವಾಗ. ಡಬ್ಬಿಯ ಲೈಟರ್ ಗ್ಯಾಸ್ ಬದಲು ಅಡುಗೆ ಸಿಲಿಂಡರಿನಿಂದಲೇ ತುಂಬಿಸಿಕೊಂಡರಾಯಿತು ಎಂಬ ಜಾಣತನ ಇಲ್ಲಿ ನಡೆಯದು. ಅಡುಗೆ ಗ್ಯಾಸಿನಲ್ಲಿ ಪ್ರೊಪೇನ್ ಬೆರೆತಿರುತ್ತದೆ. 20 ಡಿಗ್ರಿಯಲ್ಲಿ ಬ್ಯೂಟೇನಿನ ಒತ್ತಡ ವಾತಾವರಣದ ಸುಮಾರು 2 ಪಟ್ಟು, ಪ್ರೊಪೇನಿನದು 8 ಪಟ್ಟು. ಬ್ಯೂಟೇನಿಗೆಂದು ಮಾಡಿದ ಪುಟ್ಟ ಟ್ಯಾಂಕ್ ಅದನ್ನು ತಡೆಯಲಿ ಎಂದು ಬಯಸುವುದು ಹುಚ್ಚು. ಸಾಲದ್ದಕ್ಕೆ, ಸೋರಿಕೆ ಗೊತ್ತಾಗಲೆಂದು ಅಡುಗೆ ಗ್ಯಾಸಿಗೆ ಬೆರೆಸುವ ವಾಸನೆಯ ಗಂಧಕ ಸಂಯುಕ್ತ ಪ್ಲಾಟಿನಮ್ಮಿನ ಶಕ್ತಿಯನ್ನೇ ಕುಂದಿಸುತ್ತದೆ. ಹಣ ಉಳಿಸಲು ಹೋಗಿ ಐರನ್ನೇ ಹಾಳು!

ಹಾಗೆಂದು ಇದನ್ನು ದೂರ ಇಡಬೇಕಿಲ್ಲ. ಐಟಿಐಗಳಲ್ಲಿ ಬೆಸುಗೆ ಕಲಿಸುವಾಗ ಇದನ್ನೂ ಕೈಗೆ ಕೊಟ್ಟು ಕಲಿಸಲಿ: ತಣ್ಣಗಾದ ಮೇಲೆ, ಬಯಲಲ್ಲಿ, ಬೆಂಕಿಯಿಂದ ದೂರ ನಿಂತು ತುಂಬುವ ಕ್ರಮವನ್ನೂ ಸೇರಿಸಿ. ಮಾರುವವರು ಪೊಟ್ಟಣದೊಳಗೆ ಒಂದು ಪುಟದ ಕನ್ನಡ ಸೂಚನೆ ಇಡಲಿ. ಕೊಳ್ಳುವವರು ಅದನ್ನು ಕೇಳಿ ಪಡೆಯಲಿ.