ಸೀಸೆಯ ಬಿರಡೆ, ಶುಭಾಶಯದ ಮುದ್ರೆ

1843ರ ಚಳಿಗಾಲದಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಗೃಹಸ್ಥನು, ಕ್ರಿಸ್ಮಸ್ಸಿನ ಸಮಯಕ್ಕೆ ತನಗೆ ಬಂದು ರಾಶಿಬೀಳುವ ಪತ್ರಗಳಿಗೆಲ್ಲ ಕೈಯಾರೆ ಉತ್ತರ ಬರೆಯುವಷ್ಟು ವಿರಾಮವಿಲ್ಲವೆಂಬುದನ್ನು ಮನಗಂಡು, ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರವನ್ನು ಬರೆಸಿ, ಅದನ್ನು ಕಲ್ಲಚ್ಚಿನಲ್ಲಿ ಸಾವಿರ ಪ್ರತಿಗಳಿಗೆ ಕಡಮೆಯಿಲ್ಲದಂತೆ ಮುದ್ರಿಸಿ, ಒಂದೊಂದಕ್ಕೂ ಕೈಯಿಂದಲೇ ಬಣ್ಣ ತುಂಬಿಸಿ, ತನ್ನ ಬಳಕೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಒಂದಕ್ಕೆ ಒಂದು ಷಿಲಿಂಗಿನಂತೆ ಮಾರಾಟಕ್ಕೆ ಬಿಟ್ಟನು. ವ್ಯಾಪಾರಕ್ಕಾಗಿ ಅಚ್ಚಾದ ಮೊತ್ತಮೊದಲ ಕ್ರಿಸ್ಮಸ್ ಶುಭಾಶಯ ಪತ್ರವೆಂದು ಇತಿಹಾಸಕಾರರು ಎಣಿಸುವುದು ಇದನ್ನೇ. ಬಳ್ಳಿ ಹಬ್ಬಿದ ಹಂದರವೊಂದು ಅದನ್ನು ಮೂರು ಭಾಗಗಳಾಗಿ ವಿಂಗಡಿಸಿದೆ. ಇಕ್ಕೆಲಗಳಲ್ಲಿ ಹಸಿದವರಿಗೆ ಅನ್ನವನ್ನೂ ಉಡಲಿಲ್ಲದವರಿಗೆ ವಸ್ತ್ರವನ್ನೂ ಕೊಡುವ ದೃಶ್ಯಗಳಿವೆ. ನಡುವೆ ಮೂರು ತಲೆಮಾರಿನ ಕುಟುಂಬವೊಂದು ಊಟದ ಮೇಜಿನ ಸುತ್ತ ನೆರೆದು, ಪತ್ರವನ್ನು ಹಿಡಿದವರ ಕಡೆಗೇ ಮುಖಮಾಡಿ, ದ್ರಾಕ್ಷಾರಸದ ಬಟ್ಟಲುಗಳನ್ನೆತ್ತಿ ಹಾರೈಸುತ್ತಿದೆ. ಎಳೆಯ ಮಗುವೊಂದರ ತುಟಿಗೂ ಹೆಂಗಸೊಬ್ಬಳು ಬಟ್ಟಲನ್ನು ಹಿಡಿದಿದ್ದಾಳೆ.

ಆ ಮಗುವಿನ ದೆಸೆಯಿಂದ ಕೋಲನ ಪತ್ರಕ್ಕೆ ಅಪಖ್ಯಾತಿ ಒದಗಿತು. ಇಂಗ್ಲೆಂಡಿನಲ್ಲಿ ಪಾನನಿರೋಧದ ಚಳವಳಿ ಬಲಿತಿದ್ದ ಕಾಲವದು. 1832ರಲ್ಲಿ ಪ್ರೆಸ್ಟನ್ ಪಟ್ಟಣದ ಜೋಸೆಫ್ ಲಿವ್ಸಿಯೂ ಆತನ ಸಂಗಡಿಗರೂ ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸುವ ಪ್ರತಿಜ್ಞೆಗೆ ಸಹಿಹಾಕಿ ಮೊದಲುಮಾಡಿದ ಆಂದೋಲನವು, ಹನ್ನೊಂದು ವರ್ಷಗಳ ತರುವಾಯ, ಇಂತಹ ಚಿತ್ರವನ್ನು ಕಂಡು ಸುಮ್ಮನಿರತಕ್ಕದ್ದಾಗಿರಲಿಲ್ಲ. ಧರ್ಮದ ಹಬ್ಬದ ಹೆಸರಿನಲ್ಲಿ ಮಗುವಿಗೆ ಮದ್ಯ ಕುಡಿಸುವುದನ್ನು ಮನೆಮನೆಗೆ ಸಾರುವುದು ಅನಾಚಾರವೆಂದು ಆ ಪಂಥದವರು ಆಕ್ಷೇಪಿಸಿದರು.

ಆ ವಿವಾದದಲ್ಲಿ ನ್ಯಾಯವು ಯಾರ ಪಕ್ಷದಲ್ಲಿದ್ದಿತೆಂಬುದನ್ನು ವಿಚಾರಿಸುವುದರಲ್ಲಿ ಇಂದಿಗೂ ಪ್ರಯೋಜನವುಂಟು. ಮಗುವಿನ ವಿಷಯದಲ್ಲಿ ಆಕ್ಷೇಪಣೆಯು ಸಾಧುವಾದುದೇ. ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಆದರೆ ಮಗುವನ್ನು ಚಿತ್ರದಿಂದ ತೆಗೆದುಹಾಕಿದ್ದರೂ ಒಂದು ದೋಷ ಉಳಿಯುತ್ತಿತ್ತು. ಆ ಪತ್ರದ ಮೇಲ್ಭಾಗದಲ್ಲಿ ಅದು ಯಾರಿಗೆ ಎಂದೂ ಕೆಳಭಾಗದಲ್ಲಿ ಯಾರಿಂದ ಎಂದೂ ಬರೆಯುವುದಕ್ಕೆ ಖಾಲಿ ಗೆರೆಗಳನ್ನು ಬಿಟ್ಟಿದ್ದರು. ಚಿತ್ರವೆಲ್ಲ ಮುಗಿದ ಮೇಲೆ, ಬಟ್ಟಲುಗಳೆಲ್ಲ ತುಂಬಿದ ಮೇಲೆ, ಅದನ್ನು ಪಡೆಯತಕ್ಕ ವ್ಯಕ್ತಿ ಯಾರೆಂಬುದನ್ನು ಯೋಚಿಸುವ ಸರದಿ ಬರುತ್ತಿತ್ತು! ತನ್ನ ಮನೆಯಲ್ಲಿ ಊಟದೊಡನೆ ದ್ರಾಕ್ಷಾರಸವನ್ನು ಸೇವಿಸುವ ಸ್ನೇಹಿತನಿಗೆ ಸೊಗಸಾಗಿ ಕಾಣಬಹುದಾದ ಚಿತ್ರವು, ಪ್ರತಿಜ್ಞೆಗೆ ಸಹಿಹಾಕಿದ ಪಾದ್ರಿಗೂ, ಕುಡುಕ ಗಂಡನನ್ನು ಕಳೆದುಕೊಂಡ ವಿಧವೆಗೂ ಅದೇ ಬಣ್ಣದಲ್ಲಿ, ಅದೇ ನಗುಮುಖದಿಂದ ಹೋಗಿ ತಲಪಿತು. ಇಬ್ಬರ ನಡುವಣ ಸಲಿಗೆಯ ಮಾತನ್ನು ಸಾವಿರ ಜನರಿಗೆ ಕೂಗಿ ಹೇಳಿದಂತಾಯಿತು.

ದ್ರಾಕ್ಷಾರಸದ ಚಿತ್ರವುಳ್ಳ ಶುಭಾಶಯ ಪತ್ರವನ್ನು ಅಚ್ಚಿನ ಅಂಗಡಿಯಿಂದ ಕೊಂಡು ಕಳುಹಿಸಬಾರದು, ಕೈಯಿಂದಲೇ ಮಾಡತಕ್ಕದ್ದು ಎಂಬ ನನ್ನ ಅಭಿಪ್ರಾಯಕ್ಕೆ ಇದೇ ಆಧಾರ. ದೀಪ, ಹೂವು, ಹಕ್ಕಿ ಮುಂತಾದುವನ್ನು ಯಾರಿಗೆ ಕಳುಹಿಸಿದರೂ ಬಾಧಕವಿಲ್ಲ. ಮುದ್ರಣಾಲಯವು ಅವನ್ನು ಲಕ್ಷಗಟ್ಟಲೆಯಾಗಿ ತೆಗೆಯಲಿ. ಮದ್ಯದ ಬಟ್ಟಲಾದರೋ ಪಡೆಯುವವರ ಮನೆತನ, ಆಚಾರ, ಆರೋಗ್ಯ, ಗತಕಾಲದ ದುಃಖ ಇವುಗಳೆಲ್ಲವನ್ನೂ ಬಲ್ಲವರಿಂದ ಮಾತ್ರ ಬರಬೇಕಾದುದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವು ಔಚಿತ್ಯದಲ್ಲಿದೆಯೆಂದು ಸಾಧಿಸಲು ಒಂದು ಗ್ರಂಥವನ್ನೇ ರಚಿಸಿದನಷ್ಟೆ. ಆತನ ಕಾಲದಲ್ಲಿ ಶುಭಾಶಯ ಪತ್ರಗಳಿದ್ದಿದ್ದರೆ ಅನೌಚಿತ್ಯದ ಉದಾಹರಣೆಗಳಿಗಾಗಿ ಆತನು ಕವಿಗಳನ್ನು ಪೀಡಿಸಬೇಕಾಗಿರಲಿಲ್ಲ. ನಮ್ಮ ಮನೆಗಳಲ್ಲಿಯೇ ನೋಡಿರಿ: ಪರದೇಶದಲ್ಲಿ ಹತ್ತಾರು ವರ್ಷವಿದ್ದು ಬಂದ ಸೋದರಮಾವನು ಯಾವ ಪತ್ರವನ್ನು ಕಂಡು ನಕ್ಕು ಕಪಾಟಿನ ಮೇಲೆ ನಿಲ್ಲಿಸಿಕೊಳ್ಳುವನೋ, ಅದೇ ಪತ್ರವು ಪಕ್ಕದ ಕೋಣೆಯಲ್ಲಿರುವ ಆತನ ತಾಯಿಯ ಕೈಗೆ ಸಿಕ್ಕಿದರೆ, ಕಳುಹಿಸಿದವನ ಕುಲವೇ ಕೆಟ್ಟಿತೆಂದು ಆಕೆ ಕಣ್ಣೀರಿಡುವುದು ಅಸಂಭವವಲ್ಲ.

ಕೈಯಿಂದ ಮಾಡುವುದೆಂದರೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕನ್ನನು 1839ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಬಾಳಿಕೆ ಬರುವಂತೆ ಮಾಡುವ ವಿಧಾನವನ್ನು ಕಂಡುಹಿಡಿದ ಬಳಿಕ ಹುಟ್ಟಿಕೊಂಡ ರಬ್ಬರ್ ಸ್ಟಾಂಪು ಬಹುಕಾಲ ಕಚೇರಿಗಳ ಆಯುಧವಾಗಿಯೇ ಇದ್ದಿತು. ನಮ್ಮಲ್ಲಂತೂ ಅದರ ಸದ್ದನ್ನು ಕೇಳಿದರೆ ಅರ್ಜಿದಾರನ ಎದೆ ನಡುಗುವುದು ಇಂದಿಗೂ ತಪ್ಪಿಲ್ಲ. ಆ ಮೊಹರು ಅಮೆರಿಕದ ಗೃಹಿಣಿಯರ ಕೈಗೆ ಸಿಕ್ಕಿ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಒಂದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಇಂದು ಸೀಸೆ, ಬಟ್ಟಲು, ದ್ರಾಕ್ಷಿಯ ಗೊಂಚಲು, ಮರದ ಪೀಪಾಯಿ ಇವುಗಳ ಮುದ್ರೆಗಳೂ, ಅದೇ ಆಕಾರಕ್ಕೆ ಕಾಗದವನ್ನು ಕತ್ತರಿಸಿಕೊಡುವ ಲೋಹದ ಅಚ್ಚುಗಳೂ, ಒಪ್ಪುವ ಬಣ್ಣದ ಕಾಗದಗಳೂ ಒಂದೇ ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಕೊಂಡವರು ಸೂಚನೆಯಂತೆ ಒತ್ತಿ, ಅಂಟಿಸಿ, ಒಂದು ರಿಬ್ಬನ್ನು ಕಟ್ಟಿದರೆ ಪತ್ರ ಮುಗಿಯಿತು. ಹೊಸ್ತಿಲ ಮುಂದೆ ಅಂಟಿಸುವ ಪ್ಲಾಸ್ಟಿಕ್ಕಿನ ರಂಗೋಲಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲವೆಂದು ಯಾರಾದರೂ ಹೇಳಿದರೆ ನಾನು ಅವರೊಡನೆ ವಾದಕ್ಕಿಳಿಯಲಾರೆ. ಆದರೆ ಉಪಕರಣವನ್ನೇ ಹಳಿಯುವುದೂ ಅನುಚಿತ. ಜೇನ್ ಆಸ್ಟಿನಳ 1811ರ ಕಾದಂಬರಿ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ಯಲ್ಲಿ ಒಬ್ಬಳು ಮಗುವೊಂದಕ್ಕಾಗಿ ಕಾಗದದ ಬುಟ್ಟಿಯನ್ನು ಹೆಣೆಯುವಾಗ ಇನ್ನೊಬ್ಬಳು ಕಾಗದವನ್ನು ಸುರುಳಿ ಸುತ್ತಿಕೊಡಲು ಮುಂದಾಗುತ್ತಾಳೆ, ಆ ನೆಪದಲ್ಲಿ ಇಬ್ಬರಿಗೂ ಗುಟ್ಟಿನ ಮಾತಿಗೆ ಅವಕಾಶ ದೊರೆಯುತ್ತದೆ. ಇಂದು ನಮ್ಮ ಹುಡುಗಿಯರು ಕ್ವಿಲಿಂಗ್ ಎಂದು ಕರೆದು ಕಿವಿಯೋಲೆಗಳನ್ನು ಮಾಡುತ್ತಿರುವುದು ಆ ಕಲೆಯನ್ನೇ. ಆ ಕಾಗದದ ಪಟ್ಟಿಗಳು ಆಗಲೂ ಯಾವುದೋ ಅಂಗಡಿಯಿಂದ ಬಂದಿದ್ದವು. ಯಾರಿಗಾಗಿ ಯಾವುದನ್ನು ಆಯ್ದುಕೊಂಡೆವು, ಯಾವುದನ್ನು ಬಿಟ್ಟೆವು ಎಂಬುದರಲ್ಲಿ ಕೈಕೆಲಸದ ಸ್ವತ್ವವಿದೆಯೆಂದು ನಾನು ಭಾವಿಸುತ್ತೇನೆ.

ನನಗೆ ಪ್ರಿಯವಾದ ಉಪಕರಣವು ದುಡ್ಡು ಕೊಟ್ಟು ಕೊಳ್ಳತಕ್ಕದ್ದಲ್ಲ. ದ್ರಾಕ್ಷಾರಸದ ಸೀಸೆಯ ಬಿರಡೆಯನ್ನೇ ಹೇಳುತ್ತಿದ್ದೇನೆ. ಪೋರ್ಚುಗಲ್, ಸ್ಪೇನ್ ದೇಶಗಳ ಒಂದು ಜಾತಿಯ ಓಕ್ ಮರವನ್ನು ಕಡಿಯದೆ, ಒಂಬತ್ತು ವರ್ಷಗಳಿಗೊಮ್ಮೆ ಅದರ ತೊಗಟೆಯನ್ನು ಮಾತ್ರ ಸುಲಿದು ಈ ಬಿರಡೆಗಳನ್ನು ಮಾಡುತ್ತಾರೆ. ಮರಕ್ಕೆ ಸುಮಾರು ಇಪ್ಪತ್ತೈದು ವರ್ಷ ತುಂಬುವವರೆಗೆ ಮೊದಲನೆಯ ಸುಲಿತವೂ ಇಲ್ಲ. ಇಷ್ಟು ತಾಳ್ಮೆಯಿಂದ ಬಂದ ವಸ್ತುವನ್ನು ಸೀಸೆ ತೆರೆದ ಮರುಗಳಿಗೆಯಲ್ಲಿ ಕಸಕ್ಕೆ ಎಸೆಯುತ್ತೇವೆ. ಅದರ ತುದಿಯನ್ನು ನೇರಳೆಯ ಶಾಯಿಯ ಪ್ಯಾಡಿನ ಮೇಲೆ ಮೆಲ್ಲಗೆ ಒತ್ತಿ, ಕಾಗದದ ಮೇಲೆ ಮೊದಲು ಅಗಲವಾಗಿ ನಾಲ್ಕು, ಅದರ ಕೆಳಗೆ ಮೂರು, ಎರಡು, ಒಂದು ಎಂದು ಅಂಚಿಗೆ ಅಂಚು ಕೊಂಚ ಕೂಡುವಂತೆ ಮುದ್ರಿಸಿದರೆ ಗೊಂಚಲು ಮೂಡುತ್ತದೆ. ತೊಗಟೆಯಲ್ಲಿ ಸಹಜವಾಗಿರುವ ಸಣ್ಣ ರಂಧ್ರಗಳು ಶಾಯಿಯನ್ನು ಹಿಡಿಯದೆ ಬಿಳಿಯ ಚುಕ್ಕೆಗಳಾಗಿ ಉಳಿಯುವುದರಿಂದ, ಹೊಸದಾಗಿ ಕೊಯ್ದ ಹಣ್ಣಿನ ಮೇಲಿರುವ ಆ ಬೂದುಬಣ್ಣದ ಧೂಳಿಯೂ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಎರಡು ಬಿರಡೆಗಳ ಮುದ್ರೆ ಒಂದೇ ಬಗೆಯಾಗಿರುವುದಿಲ್ಲ. ಚೂರುಗಳನ್ನು ಅಂಟಿಸಿ ಮಾಡಿದ ಅಗ್ಗದ ಬಿರಡೆಯು ಮರಳುಮರಳಾದ ಗುರುತನ್ನು ಬಿಡುತ್ತದೆ. ಪ್ಲಾಸ್ಟಿಕ್ಕಿನದು ಶಾಯಿಯನ್ನು ಜಾರಿಸಿಬಿಡುತ್ತದೆ. ತಿರುಗಿಸುವ ಲೋಹದ ಮುಚ್ಚಳವನ್ನು ಹಾಕುವ ಈಚಿನ ಪದ್ಧತಿಯು ರಸವನ್ನು ಕೆಡದಂತೆ ಕಾಪಾಡುವುದೇನೋ ದಿಟ, ಪತ್ರ ಮಾಡುವವರಿಗೆ ಅದು ಪರಮದ್ರೋಹ.

ಎಲೆಗಾಗಿಯೂ ಅಂಗಡಿಗೆ ಹೋಗಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ಬೆಳೆಗಾರರು ಏಪ್ರಿಲ್ಲಿನಲ್ಲಿಯೂ ಅಕ್ಟೋಬರಿನಲ್ಲಿಯೂ ಚಾಟ್ನಿ, ಎಂದರೆ ಬಳ್ಳಿ ಸವರುವ ಕೆಲಸ, ಮಾಡುವಾಗ ಎಲೆಗಳು ರಾಶಿರಾಶಿಯಾಗಿ ನೆಲಕ್ಕೆ ಬೀಳುತ್ತವೆ; ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬೆಳೆಯುವ ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಕಡೆಯಲ್ಲಿಯೂ ಬಳ್ಳಿಯನ್ನು ಸವರದೆ ಬೆಳೆಯಿಲ್ಲ. ಒಂದು ಎಲೆಯನ್ನು ಪುಸ್ತಕದ ನಡುವೆ ಒಂದು ರಾತ್ರಿ ಒತ್ತಿಟ್ಟು, ನರಗಳು ಉಬ್ಬಿರುವ ಹಿಂಬದಿಗೆ ತೆಳುವಾಗಿ ಶಾಯಿ ಸವರಿ, ಕಾಗದದ ಮೇಲೆ ಮಲಗಿಸಿ, ಮೇಲೊಂದು ಹಾಳೆಯನ್ನಿಟ್ಟು ಬೆರಳಿನಿಂದ ಉಜ್ಜಿದರೆ, ಯಾವ ರಬ್ಬರ್ ಮುದ್ರೆಯೂ ಕೊಡಲಾರದ ನರಜಾಲವು ಇಳಿದು ಬರುತ್ತದೆ.

ಕೆಲವರು ಇನ್ನೂ ಮುಂದುವರಿದು, ಶಾಯಿಗೆ ಬದಲಾಗಿ ಕೆಂಪು ದ್ರಾಕ್ಷಾರಸವನ್ನೇ ಕುಂಚದಲ್ಲಿ ಅದ್ದಿ ಬರೆಯುತ್ತಾರೆ. ಭಾವನೆ ಸೊಗಸಾಗಿದೆ, ಫಲಿತಾಂಶ ಅಷ್ಟು ಸೊಗಸಲ್ಲ. ದ್ರಾಕ್ಷಿಯ ಸಿಪ್ಪೆಯ ವರ್ಣದ್ರವ್ಯವು ಆಮ್ಲದಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿಯಾಗಿಯೂ ತೋರುವ ಸ್ವಭಾವದ್ದು. ಇಂದಿನ ಕಾಗದಗಳಲ್ಲಿ ಸುಣ್ಣದ ಅಂಶ ಬೆರೆತಿರುವುದು ಸಾಮಾನ್ಯವಾದುದರಿಂದ ಕೆಂಪು ರಸವು ಒಣಗುವಷ್ಟರಲ್ಲಿ ಮಾಸಲು ನೀಲಿಗೆ ತಿರುಗಿ, ಕಾಲಕ್ರಮದಲ್ಲಿ ಕಂದುಬಣ್ಣವಾಗುತ್ತದೆ. ಸೀಸೆಯಲ್ಲಿರುವುದು ಸೀಸೆಯಲ್ಲಿಯೇ ಇರಲಿ. ಬಟ್ಟಲಿನ ಗಾಜನ್ನು ತೋರಿಸುವುದಕ್ಕಾದರೋ ಬೆಳಕು ಹಾಯುವ ಬಟರ್ ಪೇಪರ್ ಸಾಕು: ಬಟ್ಟಲಿನ ಆಕಾರಕ್ಕೆ ಕತ್ತರಿಸಿ ನೇರಳೆಯ ಕಾಗದದ ತುಂಡೊಂದರ ಮೇಲೆ ಅಂಟಿಸಿದರೆ ರಸದ ಮಟ್ಟವು ಒಳಗಿನಿಂದ ಮಸುಕಾಗಿ ಕಾಣುತ್ತದೆ.

ತೂಕದ ಕಡೆಗೂ ಗಮನವಿರಲಿ. 300 ಜಿಎಸ್‌ಎಂ ದಪ್ಪದ ಕಾಗದವನ್ನು ಎ4 ಹಾಳೆಯ ಅರ್ಧಕ್ಕೆ ಕತ್ತರಿಸಿ ಮಡಿಸಿದರೆ ಒಂಬತ್ತು ಗ್ರಾಂ ಮೀರುತ್ತದೆ. ಲಕೋಟೆಯ ತೂಕವನ್ನು ಕಳೆದರೆ, ಅಂಚೆಯ 20 ಗ್ರಾಮಿನ ಮೊದಲ ಮೆಟ್ಟಿಲಿನೊಳಗೆ ಅಲಂಕಾರಕ್ಕೆ ಉಳಿಯುವುದು ಅಲ್ಪವೇ. ಬಿರಡೆಯ ಬಿಲ್ಲೆಗಳನ್ನೇ ಕತ್ತರಿಸಿ ಅಂಟಿಸುವ ಉತ್ಸಾಹಿಗಳ ಪತ್ರಗಳು ಠಸ್ಸೆಯ ಏಟಿಗೆ ಸಿಕ್ಕಿ ಜಜ್ಜಿಹೋಗುವುದರಲ್ಲಿ ಆಶ್ಚರ್ಯವಿಲ್ಲ. ಉತ್ತರ ಕರ್ನಾಟಕದ ಮನೆಗಳವರು ಸಂಕ್ರಮಣದ ಶುಭಾಶಯ ಪತ್ರದೊಡನೆ ನಾಲ್ಕೇ ಕಾಳು ಕುಸುರೆಳ್ಳನ್ನು ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದಾಗ ಈ ಮಿತಿಯನ್ನು ಯಾರೂ ಅವರಿಗೆ ಕಲಿಸಬೇಕಾಗಿರಲಿಲ್ಲ.

ಇನ್ನು ಒಳಗೆ ಬರೆಯುವ ಮಾತು. ವಯಸ್ಸಾದಂತೆ ದ್ರಾಕ್ಷಾರಸವು ಉತ್ತಮಗೊಳ್ಳುವಂತೆ ತಾವೂ ಉತ್ತಮಗೊಳ್ಳುತ್ತಿದ್ದೀರಿ ಎಂಬ ಚಾಟೂಕ್ತಿಯನ್ನು ಅರುವತ್ತು ತುಂಬಿದವರಿಗೆಲ್ಲ ಬರೆಯುವ ರೂಢಿಯೊಂದು ಇಂಗ್ಲಿಷ್ ಪತ್ರಗಳಿಂದ ನಮ್ಮಲ್ಲಿಗೂ ಇಳಿದುಬಂದಿದೆ. ಅದು ಹಳಸಿದ ಮಾತು. ಅದಕ್ಕಿಂತ ಹೆಚ್ಚಾಗಿ, ಬಹುಮಟ್ಟಿಗೆ ಸುಳ್ಳು. ಲೋಕದಲ್ಲಿ ತಯಾರಾಗುವ ದ್ರಾಕ್ಷಾರಸದಲ್ಲಿ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿದು ಮುಗಿಸತಕ್ಕದ್ದು. ದಶಕಗಳ ಕಾಲ ಇಟ್ಟರೆ ಗುಣ ಹೆಚ್ಚುವುದು ಎಲ್ಲಿಯೋ ಕೆಲವಕ್ಕೆ ಮಾತ್ರ. ಷಷ್ಟಿಪೂರ್ತಿಯ ದಿನ ಇಂತಹ ಉಪಮೆಯನ್ನು ಉಡುಗೊರೆಯಾಗಿ ಕೊಡುವುದರಲ್ಲಿ ಅಪಾಯವಿದೆ!

ಇದಕ್ಕೆ ಬದಲು ಸೀಸೆಯ ಮೇಲಣ ಚೀಟಿಯನ್ನೇ ಪತ್ರದ ಮಾದರಿಯಾಗಿ ಮಾಡಿಕೊಳ್ಳಬಹುದು. ಫ್ರಾನ್ಸಿನ ಶಾತೋ ಮೂತೋಂ ರಾತ್‌ಶೀಲ್ಡ್ ಎಂಬ ದ್ರಾಕ್ಷಿತೋಟದವರು 1945ರಿಂದ ವರ್ಷಕ್ಕೊಬ್ಬ ಕಲಾವಿದನ ಚಿತ್ರವನ್ನು ತಮ್ಮ ಚೀಟಿಯ ಮೇಲೆ ಮುದ್ರಿಸುತ್ತ ಬಂದಿದ್ದಾರೆ. 1958ರದು ಡಾಲಿಯದು, 1970ರದು ಶಗಾಲನದು, 1973ರದು ಪಿಕಾಸೊವಿನದು. ಚೀಟಿಯ ಮೇಲೆ ಮುಖ್ಯವಾಗಿ ಇರತಕ್ಕವು ಮನೆತನದ ಹೆಸರು, ನೆಲದ ಹೆಸರು, ಬೆಳೆಯ ವರ್ಷ. ಗೆಳೆಯನ ಪತ್ರದಲ್ಲಿಯೂ ಇವು ಮೂರಿದ್ದರೆ ಬೇರೆ ಚಾಟೂಕ್ತಿ ಏತಕ್ಕೆ? ಗೊಂಚಲಿನ ಕೆಳಗೆ ಆತನ ಮನೆತನದ ಹೆಸರನ್ನೂ, ಆತ ಹುಟ್ಟಿದ ಊರಾದ ತೀರ್ಥಹಳ್ಳಿಯನ್ನೋ ಇಂಡಿಯನ್ನೋ, ಹುಟ್ಟಿದ ಇಸವಿಯನ್ನೂ ಚೀಟಿಯ ಕ್ರಮದಲ್ಲಿಯೇ ಬರೆದಾಗ, ಆ ಪತ್ರವನ್ನು ಲೋಕದಲ್ಲಿ ಇನ್ನೊಬ್ಬನಿಗೆ ಕಳುಹಿಸಲು ಸಾಧ್ಯವಾಗುವುದಿಲ್ಲ. ಕೋಲನು ಖಾಲಿ ಬಿಟ್ಟ ಗೆರೆಯು ಇಲ್ಲಿ ಚಿತ್ರದ ನಡುವೆಯೇ ತುಂಬಿಬರುತ್ತದೆ.

ಕರ್ನಾಟಕದಲ್ಲಿ 2007ರಲ್ಲಿ ದ್ರಾಕ್ಷಾರಸ ನೀತಿ ಜಾರಿಗೆ ಬಂದ ತರುವಾಯ ದ್ರಾಕ್ಷಾರಸ ಉತ್ಸವಗಳು ನಡೆಯುತ್ತಿವೆ. ರುಚಿ ನೋಡುವವರಿಗೆ ಅಲ್ಲಿ ಸಕಲ ಏರ್ಪಾಡೂ ಇರುತ್ತದೆ. ಅವರ ಜೊತೆಯಲ್ಲಿ ಬಂದು, ರುಚಿ ನೋಡದೆ, ಕುರ್ಚಿಯೊಂದನ್ನು ಹಿಡಿದು ಆಕಳಿಸುತ್ತ ಕುಳಿತಿರುವವರಿಗೆ ಏನೂ ಇರುವುದಿಲ್ಲ. ಅಂಥವರಿಗಾಗಿ ಒಂದು ಉದ್ದವಾದ ಮೇಜು, ಎರಡು ಬಣ್ಣದ ಸ್ಟಾಂಪ್ ಪ್ಯಾಡು, ಮಡಿಸಿದ ದಪ್ಪ ಕಾಗದ, ತೋಟದವರೇ ತಂದ ಒಂದು ಬುಟ್ಟಿ ಎಲೆ, ಪಕ್ಕದಲ್ಲಿಯೇ ಒಂದು ಅಂಚೆಪೆಟ್ಟಿಗೆ ಇಷ್ಟನ್ನು ಒದಗಿಸುವುದು ಉತ್ಸವದ ವೆಚ್ಚದಲ್ಲಿ ಲೆಕ್ಕಕ್ಕೆ ಬರುವ ಬಾಬತ್ತಲ್ಲ. ಬಿರಡೆಗಳಿಗೂ ಕೊರತೆಯಾಗದು, ಹಿಂದಿನ ದಿನ ಸೀಸೆ ತೆರೆಯುವ ಹುಡುಗರಿಗೆ ಅವನ್ನು ಎಸೆಯಬೇಡಿರೆಂದು ಹೇಳಿಟ್ಟರಾಯಿತು.